ಸಹಾಯ ಬೇಕು: ಆಪ್ತಸಮಾಲೋಚಕರನ್ನೇ ಪ್ರಶ್ನಿಸಬಹುದೇ?

ನಾನು ಮಂಡ್ಯದವಳು. ಅಪ್ಪ ತೀರಿಕೊಂಡು ವರ್ಷವಾದರೂ ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ನಿಮಿಷಾಂಬೆಗೆ ಹರಕೆ ಹೊತ್ತದ್ದಾಯಿತು, 14416ರ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿದ್ದೂ ಆಯಿತು. ಈಗ ಆರು ವಾರದಿಂದ ಶನಿವಾರ ರೈಲು ಹತ್ತಿ ಮೈಸೂರಿನ ಆಪ್ತಸಮಾಲೋಚಕಿಯೊಬ್ಬರ ಬಳಿ ಹೋಗುತ್ತಿದ್ದೇನೆ. (ಮನೆಯಲ್ಲಿ ಹೇಳಿರುವುದು ಹೊಲಿಗೆ ತರಗತಿ ಎಂದು!)

ಬೇರೆ ಬೇರೆ ಚಿಕಿತ್ಸಾ ಕ್ರಮಗಳನ್ನು ವ್ಯಕ್ತಿಗೆ ತಕ್ಕಂತೆ ಬೆರೆಸುವ ಸಮನ್ವಯ ಪದ್ಧತಿ ಅವರದು. ಒಂದು ವಾರ ಸಿಬಿಟಿ (ಆಲೋಚನೆ, ವರ್ತನೆಗಳನ್ನು ಗಮನಿಸಿ ಬದಲಿಸಿಕೊಳ್ಳುವ ಚಿಕಿತ್ಸೆ) ಎಂದು ಆಲೋಚನೆಗಳನ್ನು ಬರೆಸಿ, ಅದಕ್ಕೆ ಸಾಕ್ಷಿ ಏನು ಎನ್ನುತ್ತಾರೆ. ಮರುವಾರ ಆ ಪುಸ್ತಕ ತೆರೆಯುವುದೇ ಇಲ್ಲ; ಬಾಲ್ಯದ ಮಾತು. ಅತ್ತು ಹಗುರವಾಗುತ್ತದೆ, ನಿಜ. ಆದರೆ ಇದು ಬೆರೆಸುವಿಕೆಯೋ, ಗೊತ್ತುಗುರಿಯಿಲ್ಲದ ಅಲೆದಾಟವೋ ತಿಳಿಯುತ್ತಿಲ್ಲ. ಬೇಸರಪಟ್ಟಾರೆಂದು ಕೇಳಿಲ್ಲ.

ಇಂಥ ಸಮಾಲೋಚನೆ ಪಡೆದವರು ದಯವಿಟ್ಟು ಹೇಳಿ: ‘ನಮ್ಮ ಗುರಿ ಏನು, ಈ ವಾರ ಈ ಕ್ರಮ ಏಕೆ’ ಎಂದು ನೀವು ನೇರವಾಗಿ ಕೇಳಿದ್ದಿರಾ? ಯಾವ ಮಾತಿನಲ್ಲಿ ಕೇಳಿದಿರಿ?