ಅಪ್‌ಡೇಟ್: ಪಬ್ಲಿಕ್ ಪಾಲಿಸಿ ಓದಿದ ಮೇಲೆ

ಮಂಗಳೂರಲ್ಲಿ ಬಿಕಾಂ ಮುಗಿಸಿ ಕೆಲಸದಲ್ಲಿದ್ದಾಗ, ಪಬ್ಲಿಕ್ ಪಾಲಿಸಿಯಲ್ಲಿ (ಸರ್ಕಾರದ ನೀತಿ, ಯೋಜನೆಗಳ ಬಗ್ಗೆ ಓದುವ ವಿಷಯ) ಮಾಸ್ಟರ್ಸ್ ಮಾಡಿದರೆ ಪ್ರಯೋಜನ ಉಂಟಾ ಅಂತ ಇಲ್ಲಿ ಕೇಳಿದ್ದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ 2014ರಿಂದ ಎರಡು ವರ್ಷದ ಕೋರ್ಸ್ ಇದೆ, ಆದರೆ ಮೊದಲು ಒಂದು ಪಂಚಾಯಿತಿಯ ಲೆಕ್ಕಪತ್ರ ಓದಿ ನೋಡಿ ಅಂತ ನಿಮ್ಮಲ್ಲಿ ಒಬ್ಬರು ಹೇಳಿದ್ದಿರಿ. ಅದಕ್ಕೆ ತುಂಬಾ ಥ್ಯಾಂಕ್ಸ್.

ಮಾಸ್ಟರ್ಸ್ ಓದು ಮುಗಿಯಿತು. ಈಗ ಉಡುಪಿ ಕಡೆ ಪಂಚಾಯಿತಿಗಳ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆಯಲ್ಲಿದ್ದೇನೆ.

ಈ ಡಿಗ್ರಿ ಇದ್ದರೆ ಸರ್ಕಾರಿ ಕೆಲಸ ತಾನಾಗಿ ಸಿಗುವುದಿಲ್ಲ. ಕೆಎಎಸ್ ಬರೆಯಲು ಯಾವ ಡಿಗ್ರಿಯಾದರೂ ಸಾಕು, ಅಲ್ವಾ? ಎನ್‌ಜಿಒ, ಸಂಶೋಧನಾ ಸಂಸ್ಥೆ, ಕನ್ಸಲ್ಟಿಂಗ್ ಕಂಪನಿಗಳಲ್ಲಿ ಕೆಲಸ ಇದೆ. ಅದೂ ಬೆಂಗಳೂರು, ದೆಹಲಿಯಲ್ಲೇ ಜಾಸ್ತಿ.

ಆದರೆ ಕಲಿತದ್ದು ಉಪಯೋಗಕ್ಕೆ ಬರುತ್ತದೆ. ಒಂದು ಗ್ರಾಮಸಭೆಯಲ್ಲಿ ಒಬ್ಬರು ಅಕ್ಕ, "ದುಡ್ಡು ಉಂಟು ಅಂತೀರಿ, ರಸ್ತೆ ಯಾಕೆ ಆಗುದಿಲ್ಲ ಮಾರಾಯ್ರೆ?" ಅಂತ ಕೇಳಿದರು. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರದಿಂದ ಪಂಚಾಯಿತಿಗೆ ಬರುವ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲು ಅಂತ ಬೋರ್ಡ್ ಮೇಲೆ ಬರೆದು ತೋರಿಸಿದೆ. "ಹಾಗಾದ್ರೆ ಉಳಿದ 40ರ ಪಟ್ಟಿ ಕೊಡಿ" ಅಂದರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಲ್ಲೇ ಓದಿ ಹೇಳಿದರು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

ಫೀಸಿಗೆ ಸಾಲ ಮಾಡಬೇಕಾದವರು ಮೊದಲು ಸ್ವಲ್ಪ ಕಾಲ ಫೀಲ್ಡ್‌ನಲ್ಲಿ ಕೆಲಸ ಮಾಡಿ. ಇಂಟರ್‌ವ್ಯೂನಲ್ಲಿ ನನಗೆ ಅದನ್ನೇ ಜಾಸ್ತಿ ಕೇಳಿದರು.