ಅಪ್‌ಡೇಟ್: ತಂಗಿಯ ತಲೆಸುತ್ತು, ಕೆನ್ನೆ ಊತಕ್ಕೆ ಕಾರಣ ಸಿಕ್ಕಿತು

ಊಟ ತೀರಾ ಕಡಿಮೆ ಮಾಡಿದ್ದ ತಂಗಿಗೆ ತಲೆಸುತ್ತು, ಕಾಲಲ್ಲಿ ಸೆಳೆತ, ಕಿವಿಯ ಕೆಳಗೆ ಊತ ಅಂತ ಇಲ್ಲಿ ಕೇಳಿದ್ದೆ. ಕಲಬುರಗಿ ಬಿಸಿಲಿಗೆ ಹೀಗಾಗುತ್ತೆ, ಓಆರ್‌ಎಸ್ ಕೊಡಿ ಅಂದವರೇ ಜಾಸ್ತಿ. ಕೊಟ್ಟೆವು, ಉಪಯೋಗ ಆಗಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಅನ್ನೋ ಲವಣ ಎಷ್ಟಿದೆ ನೋಡಿಸಿ, ಇಸಿಜಿ ಮಾಡಿಸಿ ಅಂತ ಒಬ್ಬರು ಬರೆದಿದ್ದರಲ್ಲ, ಅವರ ಮಾತೇ ಕೈಹಿಡಿಯಿತು. ನಿಮಗೆ ತುಂಬಾ ಥ್ಯಾಂಕ್ಸ್.

ಪೊಟ್ಯಾಸಿಯಂ ಬಹಳ ಇಳಿದಿತ್ತು. ಡಾಕ್ಟರ್ ಅವಳೊಬ್ಬಳನ್ನೇ ಕೂರಿಸಿಕೊಂಡು ಮೆಲ್ಲಗೆ ಕೇಳಿದಾಗ ವಿಷಯ ಹೊರಬಂತು. ಉಂಡಮೇಲೆ ಬಚ್ಚಲಿಗೆ ಹೋಗಿ ಬೇಕಂತಲೇ ವಾಂತಿ ಮಾಡಿಕೊಳ್ಳುತ್ತಿದ್ದಳು. ಅದರಿಂದಲೇ ಪೊಟ್ಯಾಸಿಯಂ ಇಳಿದಿದ್ದು, ಊತ ಬಂದಿದ್ದು. ಊದಿದ್ದು ಜೊಲ್ಲಿನ ಗ್ರಂಥಿ. ಪೊಟ್ಯಾಸಿಯಂ ಕಡಿಮೆಯಾದರೆ ಹೃದಯದ ಬಡಿತವೇ ತಪ್ಪಬಹುದು. ಅದಕ್ಕೇ ಕೂಡಲೇ ಅಡ್ಮಿಟ್ ಮಾಡಿಕೊಂಡರು.

ನನಗೆ ಗೊತ್ತೇ ಇರದ ಸಂಗತಿ ಇನ್ನೊಂದು. ಅವ್ವ ಜೋಳದ ರೊಟ್ಟಿ, ಎಣ್ಣೆಗಾಯಿ ಡಬ್ಬಿ ತುಂಬ ತಂದಿದ್ದರು. ನರ್ಸ್ ತಡೆದರು. ಬಹಳ ದಿನ ಅರೆಹೊಟ್ಟೆಯಲ್ಲಿದ್ದವರಿಗೆ ಒಮ್ಮೆಲೇ ಜಾಸ್ತಿ ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್ ಅನ್ನೋ ಲವಣ ಕುಸಿದು ಜೀವಕ್ಕೇ ಅಪಾಯ. ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಟ್ಟರು. ಆಮೇಲೆ ದಿನಾ ರಕ್ತ ನೋಡುತ್ತಾ ಊಟ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರು. ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು, ಸುಮ್ನೆ ನೀರಲ್ಲಿ ಬಾಯಿ ಮುಕ್ಕಳಿಸಬೇಕು ಅಂತಲೂ ಹೇಳಿದರು. ಆಸಿಡ್‌ಗೆ ಮೆತ್ತಗಾದ ಹಲ್ಲಿನ ಹೊದಿಕೆ ಬ್ರಷ್ ತಿಕ್ಕಿದರೆ ಸವೆಯುತ್ತೆ.

ಗದರಿಸಿ ಉಣಿಸಿ ಅನ್ನೋ ಸಲಹೆ ಮಾತ್ರ ದಯವಿಟ್ಟು ಯಾರಿಗೂ ಕೊಡಬೇಡಿ. ಇದು ಹಟ ಅಲ್ಲ, ಕಾಯಿಲೆ. ಈಗ ಮನೆಗೆ ಬಂದಿದ್ದಾಳೆ, ಮನೋವೈದ್ಯರ ಹತ್ತಿರ ಚಿಕಿತ್ಸೆ ಶುರುವಾಗಿದೆ. ತೂಕ ಸರಿಯಾಗಿ ಕಂಡರೂ ಒಳಗೆ ಇಷ್ಟೆಲ್ಲ ಆಗಿರಬಹುದು, ರಕ್ತ ಪರೀಕ್ಷೆ ಮಾಡಿಸಿ. ಎಚ್ಚರ ತಪ್ಪಿದರೆ, ಎದೆಬಡಿತ ಏರುಪೇರಾದರೆ ನೇರ ಆಸ್ಪತ್ರೆಗೆ ಹೋಗಿ. ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.