ಯೂಟಾಕ್ಕೆ ಹೋದ ಮಾರ್ಮನ್ ಹಿರಿಯರ ಇಂಗ್ಲೆಂಡ್ ಊರು ಹುಡುಕೋದು ಹೇಗೆ?

ಸಾಗರದವ: ಸೊಸೆ ಅಮೆರಿಕದ ಯೂಟಾ ರಾಜ್ಯದವಳು. ಅವಳ ಹಿರಿಯರು ಮಾರ್ಮನ್ ಅನ್ನೋ ಕ್ರೈಸ್ತ ಪಂಥದವರು, 1856ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹಡಗು ಹತ್ತಿದವರಂತೆ. ಹುಟ್ಟೂರು ಇಲ್ಲಿಂದಲೇ ಹುಡುಕಬಹುದಾ?

ತೀರ್ಥಹಳ್ಳಿ: ಧಾರಾಳವಾಗಿ. ವಂಶಾವಳಿ ಹುಡುಕೋ ತಾಣ ಫ್ಯಾಮಿಲಿಸರ್ಚ್, ಅದರ ಖಾತೆ ಪುಕ್ಕಟೆ. ಆದ್ರೆ ಯಾರೋ ಕಟ್ಟಿಟ್ಟ ವಂಶವೃಕ್ಷ ನಂಬಬೇಡಿ ಮಾರಾಯ್ರೆ, ದಾಖಲೆ ನೋಡಿ. ಮೊದಲು ಮಾರ್ಮನ್ ವಲಸಿಗರ ಹಡಗು ಪ್ರಯಾಣದ ದಾಖಲೆ ಇರೋ 'ಸೇಂಟ್ಸ್ ಬೈ ಸೀ' ತಾಣದಲ್ಲಿ ಹಡಗು ಹುಡುಕಿ. ಪಟ್ಟಿಯಲ್ಲಿ ಮನೆಮಂದಿಯ ಹೆಸರು, ವಯಸ್ಸು ಸಿಗುತ್ತೆ. ಅದನ್ನ ಹಿಡಿದು ಇಂಗ್ಲೆಂಡಿನ 1851ರ ಜನಗಣತಿಗೆ ಹೋಗಿ, ಅಲ್ಲಿ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಬರೆದಿರ್ತಾರೆ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನ ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿದ್ದಾರೆ: 39 ಇದ್ದವನು 35.

ಹೊಸನಗರ: ಹಡಗಿಳಿದ ವರ್ಷವೇ ಯೂಟಾ ಮುಟ್ಟಿದ್ರು ಅಂದ್ಕೋಬೇಡಿ. ದುಡ್ಡಿಲ್ಲದವರು ಅಮೆರಿಕದ ಪೂರ್ವದ ಊರುಗಳಲ್ಲಿ ವರ್ಷಗಟ್ಟಲೆ ದುಡಿದು ಆಮೇಲೆ ಹೊರಟಿದ್ದುಂಟು. ಯೂಟಾಕ್ಕೆ ಗಾಡಿ ಕಟ್ಟಿಕೊಂಡು ಹೋದ ತಂಡಗಳ ಪಟ್ಟಿಯನ್ನ 1868ರವರೆಗೂ ನೋಡಿ. ಮರುವರ್ಷ ರೈಲು ಬಂತು.

ಸಾಗರದವ: ಜನನ ಪ್ರಮಾಣಪತ್ರ?

ತೀರ್ಥಹಳ್ಳಿ: ಇಂಗ್ಲೆಂಡಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದೇ 1837ರ ಜುಲೈ 1ಕ್ಕೆ. ಅದಕ್ಕೂ ಹಿಂದಿಂದಾದ್ರೆ ಹೆಚ್ಚಾಗಿ ಪ್ಯಾರಿಷ್ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರೇ ಗತಿ.